ತುಸು ಹೆಚ್ಚು, ತುಸು ಕಡಿಮೆ

ಚೆನ್ನೈಯಲ್ಲಿ ನೆಲೆಸಿರುವ ನಮ್ಮ ಕನ್ನಡ ಮನೆಗಳ ಮಾತುಕತೆಯನ್ನು ಗಮನಿಸಿದವರಿಗೆ ಒಂದು ವಿಚಿತ್ರ ಕಾಣದೆ ಇರದು. ಎರಡು ವಸ್ತುಗಳ ನಡುವಿನ ಅಂತರ ದೊಡ್ಡದಾಗಿದ್ದರೆ ನಾವು ಕನ್ನಡದಲ್ಲಿ ಮಾತಾಡುತ್ತೇವೆ. ‘ಅದಕ್ಕೂ ಇದಕ್ಕೂ ಅಜಗಜಾಂತರ’ ಎನ್ನುತ್ತೇವೆ, ‘ಅವರೆಲ್ಲಿ, ಇವರೆಲ್ಲಿ!’ ಎನ್ನುತ್ತೇವೆ. ಆದರೆ ಅಂತರ ಚಿಕ್ಕದಾದ ಕೂಡಲೇ ನಮ್ಮ ನಾಲಿಗೆ ಇಂಗ್ಲಿಷಿಗೆ ಹೊರಳುತ್ತದೆ. ‘ಈ ಸೀರೆ ಸ್ಲೈಟ್ಲಿ ಡಾರ್ಕು’, ‘ಮೊನ್ನೆಗಿಂತ ಇವತ್ತು ಎ ಬಿಟ್ ಬೆಟರು’, ‘ಆ ಮನೆ ಬಾಡಿಗೆ ಮಾರ್ಜಿನಲಿ ಜಾಸ್ತಿ’, ‘ಇಬ್ಬರೂ ಆಲ್ಮೋಸ್ಟ್ ಒಂದೇ ಹೈಟು’. ಮಾಂಬಲದಿಂದ ನಂಗನಲ್ಲೂರಿನವರೆಗೆ ಯಾವ ಕನ್ನಡ ಮನೆಗೆ ಹೋದರೂ ಇಂಥ ಮಾತು ಕಿವಿಗೆ ಬೀಳುತ್ತದೆ. ಆನೆಯಷ್ಟು ದೊಡ್ಡ ಅಂತರಕ್ಕೆ ಕನ್ನಡ, ಸಾಸಿವೆಯಷ್ಟು ಅಂತರಕ್ಕೆ ಇಂಗ್ಲಿಷ್ ಎಂಬ ಈ ಹಂಚಿಕೆ ಹೇಗೆ ಬಂತು, ಇದು ಸರಿಯೇ ಎಂಬುದನ್ನು ಇಲ್ಲಿ ಪರಾಮರ್ಶಿಸಲು ಯತ್ನಿಸಿದ್ದೇವೆ.

ಮೊದಲಿಗೇ ಒಂದು ಮಾತು. ನಾವು ಮಡಿವಂತಿಕೆಯ ವಾದ ಹೂಡಲು ಹೊರಟಿಲ್ಲ. ಪರಭಾಷೆಯ ಮಾತು ಬಂದರೆ ಕನ್ನಡ ಕೆಟ್ಟಿತು ಎನ್ನುವುದಾದರೆ ಹೋಲಿಕೆಯ ಮಾತುಗಳಲ್ಲಿ ನಮಗೆ ಉಳಿಯುವುದು ಬಹಳವಲ್ಲ. ‘ಜಾಸ್ತಿ’, ‘ಕಮ್ಮಿ’ ಎರಡೂ ಪಾರಸಿಯ ಮೂಲದಿಂದ ಬಂದವು. ಧಾರವಾಡದ ಕಡೆಯವರು ಆಡುವ ‘ಜರಾ’ ಸಹ ಆ ಕಡೆಯದೇ. ದಿನಕ್ಕೆ ನೂರು ಸಲ ನಾವು ಬಳಸುವ ‘ಸ್ವಲ್ಪ’ ಅಚ್ಚ ಸಂಸ್ಕೃತ. ‘ಸು’ ಮತ್ತು ‘ಅಲ್ಪ’ ಸೇರಿ ಆದದ್ದು. ಬಂದ ಅತಿಥಿಗಳು ಮನೆಯವರಾಗಿ ಹೋಗಿದ್ದಾರೆ, ಯಾರ ತಕರಾರೂ ಇಲ್ಲ. ಆದ್ದರಿಂದ ‘ಸ್ಲೈಟ್ಲಿ’ ಎಂಬುದು ಇಂಗ್ಲಿಷ್ ಎಂಬ ಒಂದೇ ಕಾರಣಕ್ಕೆ ಅದನ್ನು ಹೊರಗಟ್ಟಬೇಕೆಂದು ನಾವು ಹೇಳುವುದಿಲ್ಲ. ಅದು ಬಂದು ಕುಳಿತಾಗ ಮನೆಯಲ್ಲಿದ್ದ ಯಾರು ಯಾರು ಎದ್ದು ಹೋದರು ಎಂಬುದಷ್ಟೇ ನಮ್ಮ ವಿಚಾರ.

ಕನ್ನಡದಲ್ಲಿ ಈ ಸೂಕ್ಷ್ಮವನ್ನು ಹೇಳುವ ಸೌಕರ್ಯವೇ ಇಲ್ಲವೆಂದು ಕೆಲವರು ನಂಬಿದ್ದಾರೆ. ಇಂಗ್ಲಿಷಿನಲ್ಲಿ ಗುಣವಾಚಕಕ್ಕೆ ಬಾಲ ಹಚ್ಚಿ ತರ, ತಮ ಭಾವಗಳನ್ನು ಹೇಳಬಹುದು. ಸಂಸ್ಕೃತದಲ್ಲಿ ‘ತರ’, ‘ತಮ’ ಪ್ರತ್ಯಯಗಳೇ ಇವೆ. ಕನ್ನಡದಲ್ಲಿ ಏನಿದೆ ಎಂದು ಅವರ ಪ್ರಶ್ನೆ. ಮರೀನಾ ತೀರದಲ್ಲಿ ಪ್ರತಿಮೆಯಾಗಿ ನಿಂತಿರುವ ಬಿಷಪ್ ಕಾಲ್ಡ್‌ವೆಲ್ ಸಾಹೇಬರು 1856ರಲ್ಲಿ ಪ್ರಕಟಿಸಿದ ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣದಲ್ಲಿ ಈ ವಿಷಯವನ್ನು ಎತ್ತಿಕೊಂಡಿದ್ದಾರೆ. ದ್ರಾವಿಡ ಭಾಷೆಗಳು ಗುಣವಾಚಕಕ್ಕೆ ಪ್ರತ್ಯಯ ಹಚ್ಚದೆ, ಎರಡು ವಸ್ತುಗಳನ್ನು ಎದುರುಬದುರು ಇಟ್ಟು ನೇರವಾಗಿಯೇ ಹೋಲಿಸುತ್ತವೆ ಎಂಬುದು ಅವರು ಕಂಡ ಸಂಗತಿ. ತಮಿಳಿನಲ್ಲಿ ‘ವಿಡ’, ತೆಲುಗಿನಲ್ಲಿ ‘ಕಂಟೆ’, ನಮ್ಮಲ್ಲಿ ‘ಇಂತ’. ‘ಅದಕ್ಕೆ’ ಎಂಬುದಕ್ಕೆ ‘ಇಂತ’ ಸೇರಿ ‘ಅದಕ್ಕಿಂತ’. ‘ರಾಮನಿಗಿಂತ ಭೀಮ ದೊಡ್ಡವನು’ ಎಂದಾಗ ‘ದೊಡ್ಡ’ ಎಂಬ ಮಾತಿಗೆ ಏನೂ ಆಗುವುದಿಲ್ಲ. ಅದು ಇದ್ದ ಹಾಗೆಯೇ ಇರುತ್ತದೆ.

ಇದು ಕೊರತೆಯೋ ಅನುಕೂಲವೋ? ನಮ್ಮ ಎಣಿಕೆಯಲ್ಲಿ ಅನುಕೂಲವೇ. ಗುಣವಾಚಕ ಬಿಡಿಯಾಗಿ ಉಳಿದದ್ದರಿಂದ ಅದರ ಮುಂದೆ ಎಷ್ಟು ಎಂಬುದನ್ನು ಹೇಳುವ ಜಾಗ ಖಾಲಿ ಉಳಿಯಿತು. ಆ ಜಾಗವನ್ನು ತುಂಬಲು ನಮ್ಮ ಹಿರಿಯರು ಹೊಲ, ಅಡಿಗೆಮನೆ, ಅಕ್ಕಸಾಲೆಯ ತಕ್ಕಡಿ ಎಲ್ಲವನ್ನೂ ಸೂರೆಮಾಡಿದರು. ಎಳ್ಳಷ್ಟು, ಸಾಸಿವೆಯಷ್ಟು, ಕೂದಲೆಳೆಯಷ್ಟು, ಬೆರಳಷ್ಟು, ಗುಲಗಂಜಿಯಷ್ಟು. ತಂಗಿ ಅಕ್ಕನಿಗಿಂತ ‘ಒಂದು ಬೆರಳು ಎತ್ತರ’. ಅಡಿಗೆಯಲ್ಲಿ ಅತ್ತೆಗಿಂತ ಸೊಸೆ ‘ಒಂದು ಕೈ ಮೇಲು’. ಸಾರಿಗೆ ಉಪ್ಪು ‘ಒಂದು ಹರಳು ಮುಂದು’. ಇವುಗಳಲ್ಲಿ ಪ್ರತಿಯೊಂದಕ್ಕೂ ಬೇರೆ ಬೇರೆ ಅಳತೆಗೋಲು ಇದೆ. ಎತ್ತರಕ್ಕೆ ಬೆರಳು, ಕುಶಲತೆಗೆ ಕೈ, ಬೆಲೆಬಾಳುವುದಕ್ಕೆ ಗುಲಗಂಜಿ, ಅಪಾಯದಿಂದ ಪಾರಾಗುವುದಕ್ಕೆ ಕೂದಲೆಳೆ. ‘ಸ್ಲೈಟ್ಲಿ’ ಎಂಬ ಒಂದೇ ಮಾತು ಈ ಎಲ್ಲ ಕಡೆಯೂ ಓಡಾಡುತ್ತದೆ. ಓಡಾಡುತ್ತ ಎಲ್ಲವನ್ನೂ ಒಂದೇ ಬಣ್ಣಕ್ಕೆ ತಿರುಗಿಸುತ್ತದೆ.

ಗುಲಗಂಜಿಯ ಮಾತು ಬಂದದ್ದರಿಂದ ಇನ್ನೊಂದು ಸಂಗತಿ. ಅದರ ತೂಕ ಸುಮಾರು 0.12 ಗ್ರಾಂ. ತಮಿಳರು ಅದನ್ನು ‘ಕುಂದುಮಣಿ’ ಎನ್ನುತ್ತಾರೆ. ‘ಕುಂದುಮಣಿಯಷ್ಟು ಚಿನ್ನ’ ಎಂಬುದು ಅವರಲ್ಲೂ ಇರುವ ಮಾತು. ಪನಗಲ್ ಪಾರ್ಕಿನ ಸುತ್ತಿನ ಚಿನ್ನದಂಗಡಿಗಳಲ್ಲಿ ಈಗ ವಿದ್ಯುತ್ ತಕ್ಕಡಿ ಮಿಲಿಗ್ರಾಂವರೆಗೆ ತೋರಿಸುತ್ತದೆ. ಒಂದು ಗುಲಗಂಜಿ ತೂಕದ ಚಿನ್ನದ ಬೆಲೆ 2025ರ ಕೊನೆಯಲ್ಲಿ ಸಾವಿರ ರೂಪಾಯಿಯನ್ನು ದಾಟಿತ್ತು. ‘ಒಂದು ಗುಲಗಂಜಿ ಹೆಚ್ಚು’ ಎಂದವರಿಗೆ ತಾವು ಏನು ಹೇಳುತ್ತಿದ್ದೇವೆಂಬುದು ಗೊತ್ತಿತ್ತು. ‘ಸ್ಲೈಟ್ಲಿ ಹೆಚ್ಚು’ ಎಂದವರಿಗೆ ಬಿಲ್ಲು ಬಂದಾಗ ಗೊತ್ತಾಗುತ್ತದೆ.

ಭಿನ್ನರಾಶಿಗಳ ವಿಷಯ ಇನ್ನೂ ಸ್ವಾರಸ್ಯವಾಗಿದೆ. ಕಾಲು, ಅರೆ, ಮುಕ್ಕಾಲು ಇವುಗಳ ಕೆಳಗೆ ನಮ್ಮ ಹಳೆಯ ಲೆಕ್ಕದಲ್ಲಿ ಅರೆಕಾಲು, ವೀಸ, ಕಾಣಿ ಎಂಬ ಮೆಟ್ಟಿಲುಗಳಿದ್ದವು. ವೀಸವೆಂದರೆ ಹದಿನಾರರಲ್ಲಿ ಒಂದು ಪಾಲು. ತಮಿಳಿನ ‘ವೀಸಂ’ ಸಹ ಅಷ್ಟೇ. ಆದರೆ ಕಾಣಿಯಲ್ಲಿ ವ್ಯತ್ಯಾಸ. ಕನ್ನಡದ ಕಾಣಿ 64ರಲ್ಲಿ ಒಂದು. ತಮಿಳಿನ ಕಾಣಿ 80ರಲ್ಲಿ ಒಂದು. ಎರಡರ ನಡುವಿನ ಅಂತರವನ್ನು ಲೆಕ್ಕ ಹಾಕಿ ನೋಡಿದರೆ ಸರಿಯಾಗಿ 320ರಲ್ಲಿ ಒಂದು ಪಾಲು ಬರುತ್ತದೆ. ಈ 320ರಲ್ಲೊಂದಕ್ಕೂ ತಮಿಳಿನಲ್ಲಿ ಹೆಸರಿದೆ, ‘ಮುಂದಿರಿ’. ಎಂದರೆ ಕನ್ನಡಿಗನ ಕಾಣಿ ತಮಿಳನ ಕಾಣಿಗಿಂತ ಒಂದು ಮುಂದಿರಿಯಷ್ಟು ಹೆಚ್ಚು! ನೆರೆಹೊರೆಯ ಎರಡು ಭಾಷೆಗಳ ನಡುವಿನ ಇಷ್ಟು ಸಣ್ಣ ಅಂತರವನ್ನು ಅವುಗಳದೇ ಹಳೆಯ ಮಾತಿನಲ್ಲಿ ಇಷ್ಟು ಕರಾರುವಾಕ್ಕಾಗಿ ಹೇಳಬಹುದಾಗಿರುವಾಗ ‘ನಮ್ಮ ಭಾಷೆಗಳಿಗೆ ಸೂಕ್ಷ್ಮ ಬಾರದು’ ಎನ್ನುವುದು ಹೇಗೆ?

ಹೋಲಿಕೆಗೆ ಎರಡನೆಯ ವಸ್ತುವೇ ಬೇಡದ ಮಾತುಗಳೂ ನಮ್ಮಲ್ಲಿವೆ. ನಸುಗೆಂಪು ಎಂದರೆ ಕೆಂಪಿಗೆ ತುಸು ಈಚೆ. ಎಳೆಬಿಸಿಲು ಎಂದರೆ ಬಿಸಿಲು ಇನ್ನೂ ಬಲಿತಿಲ್ಲ. ಉಗುರುಬೆಚ್ಚಗೆ ಎಂದರೆ ನೀರು ತಣ್ಣಗಿಲ್ಲ, ಬಿಸಿಯೂ ಅಲ್ಲ, ಉಗುರಿಗೆ ತಾಗುವಷ್ಟು ಬೆಚ್ಚಗೆ. ಹಸುಗೂಸಿಗೆ ಎರೆಯುವ ನೀರಿನ ಹದವನ್ನು ಉಷ್ಣಮಾಪಕವಿಲ್ಲದೆ ಒಂದು ತಲೆಮಾರಿನಿಂದ ಇನ್ನೊಂದು ತಲೆಮಾರಿಗೆ ಒಪ್ಪಿಸಿದ ಮಾತು ಇದು. 

ಇನ್ನು ವ್ಯಾಕರಣದ ಜಾಣತನ. ಇಂಗ್ಲಿಷ್ ಕಲಿಯುವ ಮಕ್ಕಳು ‘ಲಿಟ್ಲ್’ ಮತ್ತು ‘ಎ ಲಿಟ್ಲ್’ ನಡುವಿನ ಭೇದವನ್ನು ಉರುಹೊಡೆಯುತ್ತಾರೆ. ಒಂದರಲ್ಲಿ ಇಲ್ಲವೆಂಬ ಛಾಯೆ, ಇನ್ನೊಂದರಲ್ಲಿ ಇದೆಯೆಂಬ ಛಾಯೆ. ನಮ್ಮಲ್ಲಿ ಒಂದೇ ಮಾತಿನ ಕೊನೆಯನ್ನು ತುಸು ತಿರುಗಿಸಿದರೆ ಸಾಕು. ‘ಸ್ವಲ್ಪ ಹೆಚ್ಚು’, ‘ಸ್ವಲ್ಪವೇ ಹೆಚ್ಚು’, ‘ಸ್ವಲ್ಪವಾದರೂ ಹೆಚ್ಚು’, ‘ಸ್ವಲ್ಪವೂ ಹೆಚ್ಚಲ್ಲ’. ಮೊದಲನೆಯದು ವರದಿ, ಎರಡನೆಯದು ಸಮಾಧಾನ, ಮೂರನೆಯದು ಅಪೇಕ್ಷೆ, ನಾಲ್ಕನೆಯದು ಖಂಡನೆ. ‘ಸ್ಲೈಟ್ಲಿ’ಗೆ ಈ ನಾಲ್ಕು ಕೆಲಸವನ್ನು ಮಾಡಿಸಬೇಕಾದರೆ ದನಿಯನ್ನು ಏರಿಳಿಸಬೇಕು, ಇಲ್ಲವೇ ಇನ್ನೂ ನಾಲ್ಕು ಮಾತು ಸೇರಿಸಬೇಕು.

ಪಂಡಿತರ ಕಡೆ ತಿರುಗಿದರೂ ಇದೇ ಸಾಕ್ಷಿ. ನಾವಿರುವ ಊರಿಗೆ ಹತ್ತಿರದ ಕಾಂಚಿಯೊಡನೆ ಸಂಬಂಧವಿದ್ದ ದಂಡಿ ತನ್ನ ಕಾವ್ಯಾದರ್ಶದಲ್ಲಿ ‘ವ್ಯತಿರೇಕ’ ಎಂಬ ಅಲಂಕಾರವನ್ನು ಹೇಳಿದ್ದಾನೆ. ಎರಡು ವಸ್ತುಗಳ ಸಾದೃಶ್ಯ ಗೊತ್ತಿರುವಾಗ ಅವುಗಳ ನಡುವಿನ ಭೇದವನ್ನು ಎತ್ತಿ ಹೇಳುವುದು ಅದರ ಲಕ್ಷಣ. ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ದಂಡಿಯ ದಾರಿಯಲ್ಲೇ ಕನ್ನಡಕ್ಕೆ ಅಲಂಕಾರಗಳನ್ನು ತಂದಿತು. ತಮಿಳಿನ ದಂಡಿಯಲಂಕಾರವೂ ಅದೇ ಬಳ್ಳಿಯ ಕಾಯಿ. ತೀರ ಬೇರೆಯಾದುವನ್ನು ಬೇರೆ ಎನ್ನಲು ಜಾಣತನ ಬೇಕಿಲ್ಲ. ಒಂದೇ ತೆರನಾದುವುಗಳ ನಡುವೆ ಭೇದ ಕಾಣಲು ಬೇಕು. ಸಾವಿರ ವರ್ಷದ ಹಿಂದೆಯೇ ಕನ್ನಡ ಈ ಕೆಲಸಕ್ಕೆ ತೊಡಗಿತ್ತು.

ಹಾಗಾದರೆ ಇಂಗ್ಲಿಷಿನಲ್ಲಿ ಏನೂ ಹೆಚ್ಚುಗಾರಿಕೆ ಇಲ್ಲವೇ? ಇದೆ, ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ಕಚೇರಿಯ ಬರವಣಿಗೆಯಲ್ಲಿ ‘ಮಾರ್ಜಿನಲಿ’, ‘ಸ್ಲೈಟ್ಲಿ’, ‘ಮಾಡರೇಟ್ಲಿ’, ‘ಕನ್ಸಿಡರಬ್ಲಿ’ ಎಂದು ಏಣಿಯ ಮೆಟ್ಟಿಲಿನಂತೆ ಜೋಡಿಸಿಟ್ಟ ಮಾತುಗಳು ಆ ಭಾಷೆಗೆ ಸಿದ್ಧವಾಗಿವೆ. ಓದುವವರಿಗೂ ಬರೆಯುವವರಿಗೂ ಅವುಗಳ ಕ್ರಮ ಗೊತ್ತು. ಕನ್ನಡದಲ್ಲಿ ಮನೆಮಾತಿನ ಸಂಪತ್ತು ಹೇರಳ, ಕಡತದ ಮಾತಿನ ಕ್ರಮ ಇನ್ನೂ ಗಟ್ಟಿಯಾಗಿಲ್ಲ. ‘ಎಳ್ಳಷ್ಟು ಹೆಚ್ಚಿನ ದರ’ ಎಂದು ಟೆಂಡರಿನ ಟಿಪ್ಪಣಿಯಲ್ಲಿ ಬರೆದರೆ ಮೇಲಧಿಕಾರಿಗಳು ನಗಬಹುದು. 

ಆದರೆ ಇದಕ್ಕೆ ನಮ್ಮ ಅನುವಾದಕರು ಕಂಡುಕೊಂಡ ಪರಿಹಾರ ರೋಗಕ್ಕಿಂತ ತುಸು ಹೆಚ್ಚೇ ಕಠಿಣ. ‘ತುಲನಾತ್ಮಕವಾಗಿ ಹೆಚ್ಚು ಉತ್ತಮವಾದ’ ಎಂದು ಜಾಹೀರಾತುಗಳು ಬರೆಯುತ್ತವೆ. ‘ಉತ್ತಮ’ ಎಂಬುದರಲ್ಲಿ ‘ತಮ’ ಈಗಾಗಲೇ ಕುಳಿತಿದೆ. ಅದು ಎಲ್ಲಕ್ಕಿಂತ ಮೇಲಿನದು ಎಂಬ ಅರ್ಥದ ಮಾತು. ಅದಕ್ಕೆ ‘ಹೆಚ್ಚು’ ಸೇರಿಸಿ, ಅದರ ಹಿಂದೆ ‘ತುಲನಾತ್ಮಕವಾಗಿ’ ಎಂಬ ಬಂಡಿಯನ್ನು ಕಟ್ಟಿದರೆ ‘ಬೆಟರ್’ ಎಂಬ ಎರಡಕ್ಷರದ ಇಂಗ್ಲಿಷ್ ಮಾತು ಹಗುರವಾಗಿ ಕಾಣುವುದರಲ್ಲಿ ಆಶ್ಚರ್ಯವೇನು? ಇಷ್ಟಕ್ಕೂ ‘ಬೆಟರ್’ಗೆ ನಮ್ಮಲ್ಲಿ ‘ವಾಸಿ’ ಇದೆ, ‘ಮೇಲು’ ಇದೆ. ‘ಅದಕ್ಕಿಂತ ಇದು ವಾಸಿ.’ ಅಷ್ಟೇ. ‘ಸ್ವಲ್ಪ ಮಟ್ಟಿಗಿನ ಏರಿಕೆಯನ್ನು ಕಂಡಿದೆ’ ಎನ್ನುವ ಬದಲು ‘ತುಸು ಏರಿದೆ’ ಎಂದರೆ ಯಾವ ಪತ್ರಿಕೆಯ ಗೌರವವೂ ಕುಂದದು.

ಕೆಲವು ಕಡೆ ಕನ್ನಡದ ಕಟ್ಟೇ ಹೆಚ್ಚು ನಿಖರ. ಕೇಂದ್ರ ನೌಕರರಾದ ನಮ್ಮಂಥವರಿಗೆ ಹತ್ತಿರದ ಉದಾಹರಣೆ ತುಟ್ಟಿಭತ್ಯೆ. 2024ರ ಜುಲೈಯಿಂದ ಜಾರಿಗೆ ಬರುವಂತೆ ಅದು ಮೂಲವೇತನದ ಶೇಕಡಾ 50ರಿಂದ 53ಕ್ಕೆ ಏರಿತು. ‘ತುಟ್ಟಿಭತ್ಯೆ ಶೇಕಡಾ 3 ಹೆಚ್ಚಳ’ ಎಂಬ ತಲೆಬರಹವನ್ನು ಅನೇಕರು ಓದಿದರು. ಆದರೆ 50ರ ಮೇಲೆ 3 ಎಂದರೆ ಭತ್ಯೆಯ ಲೆಕ್ಕದಲ್ಲಿ ಏರಿಕೆ ಶೇಕಡಾ 6. ಮೂಲವೇತನದ ಲೆಕ್ಕದಲ್ಲಿ ಮಾತ್ರ 3. ಇಂಗ್ಲಿಷಿನವರು ಈ ಗೊಂದಲವನ್ನು ಬಿಡಿಸಲು ‘ಪರ್ಸೆಂಟೇಜ್ ಪಾಯಿಂಟ್’ ಎಂಬ ಬೇರೊಂದು ಮಾತನ್ನೇ ಹುಟ್ಟಿಸಬೇಕಾಯಿತು. ‘50ರಿಂದ 53ಕ್ಕೆ’ ಎಂದು ನಮ್ಮ ವಿಭಕ್ತಿಗಳನ್ನು ನಂಬಿ ಬರೆದರೆ ಗೊಂದಲ ಹುಟ್ಟುವುದೇ ಇಲ್ಲ.

ಇಷ್ಟೆಲ್ಲ ಒಂದು ಸಣ್ಣ ಮಾತಿಗಾಗಿ ಬೇಕೇ ಎಂದು ವಾಚಕರು ಕೇಳಬಹುದು. ಸಣ್ಣ ಅಂತರಗಳು ಮಾಡುವ ಕೆಲಸ ಸಣ್ಣದಲ್ಲವೆಂಬುದೇ ನಮ್ಮ ಉತ್ತರ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸಿನ 400 ಮೀಟರ್ ಹರ್ಡಲ್ಸಿನಲ್ಲಿ ಮೂರನೆಯವಳ ವೇಳೆ 55.41 ಸೆಕೆಂಡು, ನಮ್ಮ ಪಿ.ಟಿ. ಉಷಾ ಅವರದು 55.42. ಸೆಕೆಂಡಿನ ನೂರರಲ್ಲೊಂದು ಪಾಲಿಗೆ ಕಂಚು ತಪ್ಪಿತು. 2004ರ ಕರ್ನಾಟಕ ವಿಧಾನಸಭಾ ಚುನಾವಣೆಯಲ್ಲಿ ಸಂತೆಮರಹಳ್ಳಿ ಕ್ಷೇತ್ರದಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. 2023ರಲ್ಲಿ ಬೆಂಗಳೂರಿನ ಜಯನಗರ 16 ಮತಗಳಿಂದ ತೀರ್ಮಾನವಾಯಿತು. ಇಂಥ ಕಡೆ ‘ಆಲ್ಮೋಸ್ಟ್ ಈಕ್ವಲ್’ ಎಂದರೆ ಲೆಕ್ಕ ಸರಿ, ಸಂಗತಿ ತಪ್ಪು. ಟೆಂಡರಿನಲ್ಲಿಯೂ ಹಾಗೆಯೇ, ಒಂದು ರೂಪಾಯಿ ಕಡಿಮೆಯಾದರೂ ಕಡಿಮೆ ಕಡಿಮೆಯೇ.

ಮನೆಯೊಳಗಿನ ಮಾತಿಗೆ ಬರೋಣ. ನಮ್ಮಲ್ಲಿ ಅನೇಕರ ತಂದೆತಾಯಿಗಳು ಊರಿನಲ್ಲಿದ್ದಾರೆ, ಇಲ್ಲವೇ ವಯಸ್ಸಾದ ಮೇಲೆ ನಮ್ಮೊಡನೆ ಇಲ್ಲಿಗೆ ಬಂದಿದ್ದಾರೆ. ವೈದ್ಯರ ಬಳಿ ಅವರ ಪರವಾಗಿ ಮಾತಾಡುವವರು ನಾವು ಅಥವಾ ನಮ್ಮ ಮಕ್ಕಳು. ಬರಿಹೊಟ್ಟೆಯ ರಕ್ತದ ಸಕ್ಕರೆ 125 ಇದ್ದರೆ ಇನ್ನೂ ಹೊಸ್ತಿಲಲ್ಲಿದೆ ಎನ್ನುತ್ತಾರೆ; 126 ಆಗಿ ಮತ್ತೊಂದು ಪರೀಕ್ಷೆಯಲ್ಲೂ ಹಾಗೆಯೇ ಬಂದರೆ ಸಕ್ಕರೆಕಾಯಿಲೆ ಎನ್ನುತ್ತಾರೆ. ‘ಸ್ಲೈಟ್ಲಿ ಜಾಸ್ತಿ ಅಂತೆ ಅಜ್ಜಿ’ ಎಂದು ಮೊಮ್ಮಗ ಹೇಳಿದರೆ ಅಜ್ಜಿಗೆ ಏನು ತಿಳಿಯಿತು? ಅಪಾಯವೇ, ಅಲ್ಲವೇ? ಸಿಹಿ ಬಿಡಬೇಕೇ, ಕಡಿಮೆ ಮಾಡಿದರೆ ಸಾಕೇ? ‘ಇರಬೇಕಾದ್ದಕ್ಕಿಂತ ಇಷ್ಟು ಮುಂದಿದೆ, ಗೆರೆ ದಾಟಲು ಇನ್ನು ಒಂದು ಕೂದಲೆಳೆ ಬಾಕಿ’ ಎಂದು ಹೇಳಬಲ್ಲವನಾದರೆ ಅಜ್ಜಿ ತಾನೇ ಸಕ್ಕರೆ ಡಬ್ಬಿಯನ್ನು ಮೇಲಿನ ಹಲಗೆಗೆ ಇಡುತ್ತಾರೆ. ಅಜ್ಜಿಯ ಕಡೆಯಿಂದಲೂ ಹಾಗೆಯೇ. ‘ನಿನ್ನೆಗಿಂತ ಒಂದು ತೂಕ ವಾಸಿ ಕಣೋ’ ಎಂಬ ಮಾತನ್ನು ಮೊಮ್ಮಗ ವೈದ್ಯರಿಗೆ ಇಂಗ್ಲಿಷಿನಲ್ಲಿ ಮುಟ್ಟಿಸಬೇಕಾದರೆ ಮೊದಲು ಅವನಿಗೆ ಕನ್ನಡದಲ್ಲಿ ಅರ್ಥವಾಗಬೇಕು.

ಮಕ್ಕಳ ವಿಷಯದಲ್ಲಿ ನಮಗಿರುವ ಕಳವಳವೂ ಇದೇ. ಇಲ್ಲಿ ಬೆಳೆಯುವ ನಮ್ಮ ಮಕ್ಕಳಿಗೆ ಶಾಲೆಯಲ್ಲಿ ಇಂಗ್ಲಿಷ್, ಬೀದಿಯಲ್ಲಿ ತಮಿಳು, ಮನೆಯಲ್ಲಿ ಕನ್ನಡ. ತಮಿಳಿನ ‘ವಿಡ’ದ ಪ್ರಭಾವದಿಂದ ‘ಅಣ್ಣನಿಗಿಂತ ನಾನು ಎತ್ತರ’ ಎನ್ನುವ ಬದಲು ‘ಅಣ್ಣನ್ನ ಬಿಟ್ಟು ನಾನು ಎತ್ತರ’ ಎನ್ನುವ ಮಕ್ಕಳುಂಟು. ಊರಿನ ಅಜ್ಜ ಇದನ್ನು ಕೇಳಿದರೆ, ಅಣ್ಣನೊಬ್ಬನನ್ನು ಬಿಟ್ಟು ಉಳಿದವರಿಗಿಂತ ಎತ್ತರವೆಂದೇ ತಿಳಿದಾರು! ಇದಕ್ಕೆ ನಾವು ಹೆದರಬೇಕಿಲ್ಲ. ತಮಿಳು ನೆರೆಮನೆಯ ಭಾಷೆ, ಅದರ ‘ಕೊಂಜಂ’ ನಮ್ಮ ‘ಕೊಂಚ’ದ ಒಡಹುಟ್ಟು. ಮಗು ಹೋಲಿಸುತ್ತಿದೆಯಲ್ಲ ಎಂದು ಸಂತೋಷಪಟ್ಟು, ‘ಅಣ್ಣನಿಗಿಂತ ಎಷ್ಟು ಎತ್ತರ? ಬೆರಳಷ್ಟೋ, ಗೇಣಷ್ಟೋ?’ ಎಂದು ಕೇಳಿದರೆ ತಿದ್ದುಪಡಿ ತಾನಾಗಿಯೇ ಆಗುತ್ತದೆ.

ಹೆದರಬೇಕಾದದ್ದು ಬೇರೆಯದಕ್ಕೆ. ಸೂಕ್ಷ್ಮಗಳೆಲ್ಲ ಇಂಗ್ಲಿಷಿಗೆ ಹೋದರೆ ಕನ್ನಡಕ್ಕೆ ಉಳಿಯುವುದು ಒರಟು ಕೆಲಸ. ‘ಬಾ’, ‘ಹೋಗು’, ‘ತಿನ್ನು’, ‘ಮಲಗು’, ‘ಚೆನ್ನಾಗಿದೆ’, ‘ಚೆನ್ನಾಗಿಲ್ಲ’. ಆಜ್ಞೆಗೂ ಹೌದು ಅಲ್ಲಗಳಿಗೂ ಸಾಕಾದ ಮಾತಿನಲ್ಲಿ ಯಾರೂ ಯೋಚಿಸುವುದಿಲ್ಲ. ಎರಡು ಒಳ್ಳೆಯದರಲ್ಲಿ ಯಾವುದು ತುಸು ಮೇಲು, ಎರಡು ತಪ್ಪುಗಳಲ್ಲಿ ಯಾವುದು ತುಸು ಕಡಿಮೆ ಎಂದು ತೂಗುವಾಗಲೇ ಮನುಷ್ಯ ಯೋಚಿಸುವುದು. ಮಗ ಕಾಲೇಜನ್ನು ಆರಿಸುವಾಗ, ಮಗಳು ಕೆಲಸವನ್ನು ಬಿಡಬೇಕೇ ಎಂದು ಕೇಳುವಾಗ, ಮದುವೆಯ ಮಾತುಕತೆಯಲ್ಲಿ, ಆಸ್ತಿಯ ಪಾಲಿನಲ್ಲಿ, ಎಲ್ಲ ಕಡೆಯೂ ಇಂಥ ತೂಕವೇ ಮುಖ್ಯ. ಆ ಹೊತ್ತಿಗೆ ಮಕ್ಕಳು ನಮ್ಮೊಡನೆ ಇಂಗ್ಲಿಷಿನಲ್ಲಿ ವಾದಿಸಿ, ಊಟಕ್ಕೆ ಮಾತ್ರ ಕನ್ನಡದಲ್ಲಿ ಕರೆದರೆ ನಾವು ಅವರನ್ನು ದೂರುವಂತಿಲ್ಲ. ತಕ್ಕಡಿಯ ಸಣ್ಣ ಬೊಟ್ಟುಗಳನ್ನು ನಾವೇ ಅವರ ಕೈಗೆ ಕೊಡಲಿಲ್ಲ.

ಮಾತುಗಳಿಗೇನೂ ಬರವಿಲ್ಲ. ಕಿಟ್ಟೆಲ್ ಅವರ 1894ರ ನಿಘಂಟನ್ನು ಪ್ರೊ. ಮರಿಯಪ್ಪ ಭಟ್ಟರು ಪರಿಷ್ಕರಿಸಿ ವಿಸ್ತರಿಸಿದ್ದು ಈ ಊರಿನಲ್ಲೇ. ಮದ್ರಾಸು ವಿಶ್ವವಿದ್ಯಾಲಯ ಅದನ್ನು 1968ರಿಂದ 1971ರವರೆಗೆ ನಾಲ್ಕು ಸಂಪುಟಗಳಲ್ಲಿ ಹೊರತಂದಿತು. ಕಡಲತೀರದಲ್ಲಿ ಗಾಳಿ ತೆಗೆದುಕೊಳ್ಳಲು ಹೋಗುವ ನಮ್ಮವರು ಹಾದುಹೋಗುವ ಆ ಕಟ್ಟಡಗಳಿಂದಲೇ ಕನ್ನಡದ ಅಷ್ಟು ದೊಡ್ಡ ಕೆಲಸ ನಡೆಯಿತು. ಅದರಲ್ಲಿ ಕಾಣಿಯೂ ವೀಸವೂ ಭದ್ರವಾಗಿವೆ. ಆದರೆ ನಿಘಂಟಿನಲ್ಲಿರುವುದು ಬೇರೆ, ನಾಲಿಗೆಯ ಮೇಲಿರುವುದು ಬೇರೆ.

ನಾವು ದೊಡ್ಡ ಚಳವಳಿಯನ್ನೇನೂ ಸೂಚಿಸುವುದಿಲ್ಲ. ಕಚೇರಿಯಲ್ಲಿ ‘ಮಾರ್ಜಿನಲಿ’ ಇರಲಿ; ಅಲ್ಲಿಯ ಭಾಷೆ ನಮ್ಮ ಕೈಯಲ್ಲಿಲ್ಲ. ಊಟದ ಹೊತ್ತಿನಲ್ಲಿ ಮಾತ್ರ, ಸಾರು ಹೇಗಿದೆ ಎಂದು ಮನೆಯಾಕೆ ಕೇಳಿದಾಗ, ನಿನ್ನೆಯದಕ್ಕಿಂತ ಎಷ್ಟು ಮೇಲೆಂದು ಕನ್ನಡದಲ್ಲೇ ಹೇಳುವ ಅಭ್ಯಾಸ ಮಾಡೋಣ. ನಮ್ಮ ಸದಸ್ಯರಲ್ಲಿ ಮಂಡ್ಯದ ‘ವಸಿ’ಯವರಿದ್ದಾರೆ, ಮೈಸೂರಿನ ‘ರವಷ್ಟು’ ಎನ್ನುವವರಿದ್ದಾರೆ, ಕರಾವಳಿಯ ‘ಚೂರು’, ಧಾರವಾಡದ ‘ಜರಾ’ ಎಲ್ಲವೂ ಒಂದೇ ಸಭಾಂಗಣದಲ್ಲಿ ಕುಳಿತು ಕಾಫಿ ಕುಡಿಯುತ್ತವೆ. ಊರಿನಲ್ಲಿಯೇ ಉಳಿದವರಿಗೆ ಈ ಅನುಕೂಲ ಅಷ್ಟಾಗಿ ಇಲ್ಲ. ತಮ್ಮ ತಮ್ಮ ಕಡೆ ‘ತುಸು ಹೆಚ್ಚು’ ಎನ್ನಲು ಹಿರಿಯರು ಆಡುತ್ತಿದ್ದ ಮಾತುಗಳನ್ನು ವಾಚಕರು ಬರೆದು ಕಳಿಸಿದರೆ, ಮುಂದಿನ ಸಂಚಿಕೆಗಳಲ್ಲಿ ಅರ್ಧ ಪುಟವನ್ನು ಅದಕ್ಕೆ ಬಿಟ್ಟುಕೊಡುವಂತೆ ಸಂಪಾದಕರನ್ನು ಕೇಳಿಕೊಳ್ಳುತ್ತೇವೆ. ಮಾತಿನ ಜೊತೆಗೆ ಅದನ್ನು ಯಾವುದರ ಅಳತೆಗೆ ಬಳಸುತ್ತಿದ್ದರೆಂಬುದನ್ನೂ ಒಂದು ಸಾಲಿನಲ್ಲಿ ತಿಳಿಸಬೇಕಾಗಿ ವಿನಂತಿ.